ೞ ಚಿತ್ರವಾಗಿ ಬಂದರೆ ಹೇಗೆ?

ನಮಸ್ಕಾರ.

ಲಿನಕ್ಸ್ (ವಿಂಡೋಸ್‌ನಂಥ ಕಾರ್ಯಾಚರಣಾ ವ್ಯವಸ್ಥೆ) ಕೀಬೋರ್ಡಿನಲ್ಲಿ ವಿಶೇಷ ಅಕ್ಷರಗಳನ್ನು ಟೈಪ್ ಮಾಡುವ ಬಗ್ಗೆ ಬೇಲೂರಿನಿಂದ ನೀವು ಕಳಿಸಿದ ಆರು ಪುಟದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಕಾರಣ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ಮೂರು ಪುಟ 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಶುರು ಮಾಡಿದ ಕಥೆ. ಅದು ಎಲ್ಲ ಕಡೆ ಸಿಗುತ್ತದೆ, ತೆಗೆಯಿರಿ. ಲೇಖನಕ್ಕೆ ಜೀವ ಬರುವುದು ನಾಲ್ಕನೇ ಪುಟದಲ್ಲಿ, ಹಲ್ಮಿಡಿ ಶಾಸನದ ‘ಬಾಳ್ಗೞ್ಚು’ ಎಂಬ ಪದದಿಂದ. ಸುಮಾರು ಕ್ರಿ.ಶ. 450ರ ಶಾಸನ, ಊರು ನಿಮ್ಮ ತಾಲ್ಲೂಕಿನದೇ. ಯುದ್ಧ ಮಾಡಿದ ವೀರನಿಗೆ ಕತ್ತಿ ತೊಳೆದು ಕೊಡುವ ದಾನ ಅದು. ಹಳಗನ್ನಡದ ಈ ೞ ಅಕ್ಷರದ ಬದಲು ಸುಮ್ನೆ ಳ ಒತ್ತಿದರೆ, ಪಾಪ, ವೀರ ಕತ್ತಿ ಕಳಚಿಟ್ಟ ಅಂದುಕೊಳ್ಳುತ್ತಾರೆ! ಇದನ್ನೇ ಮೊದಲ ಸಾಲಿಗೆ ತನ್ನಿ.

ಆದರೆ ಎಡವಿದ್ದೂ ಅಲ್ಲೇ. ನಿಮ್ಮ ಪ್ರತಿಯಲ್ಲಿ ಆ ೞ ಅಕ್ಷರವೇ ಅಲ್ಲ, ಎಲ್ಲಿಂದಲೋ ಕತ್ತರಿಸಿ ಅಂಟಿಸಿದ ಚಿತ್ರ. ಪುಟ ಜೋಡಿಸುವಾಗ ಸಾಲಿನಿಂದ ಕೆಳಗೆ ಜಾರಿ ಕೂತಿತ್ತು. ಟೈಪ್ ಮಾಡುವುದು ಹೇಗೆ ಅಂತ ಬರೆದವರು ಟೈಪ್ ಮಾಡಿ ನೋಡಿಲ್ಲ ಅಂತಾಯಿತು, ಅಲ್ವಾ?

ಅನುಮಾನ ಬಂದು ನಾನೇ ಕೂತೆ. ‘ಕಂಟ್ರೋಲ್, ಶಿಫ್ಟ್, ಯು ಒಟ್ಟಿಗೆ ಒತ್ತಿ ಕೋಡ್ ಹೊಡೆಯಿರಿ’ ಅಂತ ಬರೆದಿದ್ದೀರಿ. ಒತ್ತಿದೆ. ಅಡಿಗೆರೆ ಇರುವ ಯು ಬಂತು. ಪ್ರತಿ ಅಕ್ಷರಕ್ಕೂ ಒಂದು ಯೂನಿಕೋಡ್ ಸಂಖ್ಯೆ ಇರುತ್ತದಲ್ಲ, ೞದ ಆ ಕೋಡ್ ಸೊನ್ನೆ, ಸಿ, ಡಿ, ಇ ಹೊಡೆದೆ. ಅವೂ ಯು ಪಕ್ಕ ಹಾಗೇ ಕೂತವು. ಕಾಫಿ ಆರಿತು. ಕೊನೆಗೆ ಸ್ಪೇಸ್ ಒತ್ತಿದಾಗ ೞ ಮೂಡಿತು. ಆ ಸ್ಪೇಸ್ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ‘ಎಲ್ಲ ಕಡೆ ಕೆಲಸ ಮಾಡುತ್ತದೆ’ ಎಂಬುದೂ ತಪ್ಪು. ಇದು ಜಿಟಿಕೆ (ಕಿಟಕಿ, ಗುಂಡಿಗಳನ್ನು ಕಟ್ಟುವ ಸಲಕರಣೆ) ಬಳಸಿ ಮಾಡಿದ ತಂತ್ರಾಂಶಗಳಲ್ಲಿ, ಐಬಸ್ (ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ತಂತ್ರಾಂಶ) ಇರುವ ಕಡೆ ನಡೆಯುತ್ತದೆ. ಪತ್ರ, ಲೇಖನ ಬರೆಯುವ ಲಿಬ್ರೆ ಆಫೀಸ್ ರೈಟರ್‌ನಲ್ಲಾದರೆ ಕೋಡ್ ಬರೆದು ಆಲ್ಟ್ ಮತ್ತು ಎಕ್ಸ್ ಒತ್ತಿದರೂ ಸಾಕು.

ಕಂಪೋಸ್ ಕೀಗೆ (ಒಂದಾದ ಮೇಲೊಂದು ಒತ್ತಿದ ಅಕ್ಷರಗಳನ್ನು ಸೇರಿಸಿ ಒಂದು ಚಿಹ್ನೆ ಮಾಡುವ ಕೀ) ಒಂದೇ ಸಾಲು ಕೊಟ್ಟಿದ್ದೀರಿ, ಕಡಿಮೆ ಆಯಿತು. ಕೋಡ್ ನೆನಪಿಡುವ ತಲೆನೋವೇ ಅದರಲ್ಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಬಲಗಡೆಯ ಆಲ್ಟನ್ನು ಕಂಪೋಸ್ ಮಾಡಿಕೊಂಡು, ಇಂಗ್ಲಿಷ್ ವಿನ್ಯಾಸದಲ್ಲಿ ಅದನ್ನು ಒತ್ತಿ ಬಿಟ್ಟು, ಎರಡು ಸಲ ಓ ಹೊಡೆದರೆ ° ಬರುತ್ತದೆ. ತೋಟದ ಉಷ್ಣಾಂಶ ಬರೆದಿಡುವ ಬೆಳೆಗಾರರಿಗೆ ಜಾಸ್ತಿ ಬೇಕಾಗುವುದು ಇದೇ.

ಎರಡು ಪುಟಕ್ಕೆ ಇಳಿಸಿ. ಕಳಿಸುವ ಮೊದಲು ಪಕ್ಕದ ಮನೆಯ ಹುಡುಗನನ್ನು ಕೂರಿಸಿ, ನಿಮ್ಮ ಸಾಲು ಓದಿಕೊಂಡೇ ೞ ಹೊಡೆಯಲು ಹೇಳಿ. ನೀವು ಬಾಯಿ ಬಿಡಬೇಡಿ. ಅವನು ಎಲ್ಲಿ ನಿಲ್ಲುತ್ತಾನೋ ಆ ಸಾಲನ್ನು ತಿದ್ದಿ ಕಳಿಸಿ.

ಸಂಪಾದಕ,
ಹಾಸನ