ಮನೆಯಲ್ಲಿ ಜೋಡಿಸಿದ ಸರ್ವರ್‌ನಲ್ಲಿ ಹಾರ್ಡ್ ಡಿಸ್ಕ್ ಆಗಾಗ ಮಾಯವಾಗುತ್ತದೆ. ಡಿಸ್ಕ್ ಹೋಯಿತೇ?

ಹೊಸ ಡಿಸ್ಕ್‌ಗೆ ದುಡ್ಡು ಸುರಿಯುವ ಮೊದಲು ಕೇಬಲ್ ನೋಡಿ. ದೊಡ್ಡ ಫೈಲ್ ಕಾಪಿ ಮಾಡುವಾಗ ಮಾತ್ರ ಡಿಸ್ಕ್ ಕಾಣೆಯಾಗಿ, ರೀಬೂಟ್ ಮಾಡಿದರೆ ಮತ್ತೆ ಬರುತ್ತಿದ್ದರೆ ಬಹಳ ಸಲ ತಪ್ಪು ಸಾಟಾ ಕೇಬಲ್‌ನದ್ದು (ಡಿಸ್ಕ್‌ನಿಂದ ಮದರ್‌ಬೋರ್ಡ್‌ಗೆ ಡೇಟಾ ಒಯ್ಯುವ ತಂತಿ), ಇಲ್ಲವೇ ಪವರ್ ಸ್ಪ್ಲಿಟರ್‌ನದ್ದು (ಒಂದು ಪವರ್ ತಂತಿಯನ್ನು ಹಲವು ಡಿಸ್ಕ್‌ಗಳಿಗೆ ಹಂಚುವ ಕವಲು).

ಸ್ಮಾರ್ಟ್‌ಮೋನ್‌ಟೂಲ್ಸ್ ಎಂಬ ತಂತ್ರಾಂಶ ಹಾಕಿಕೊಂಡು ಡಿಸ್ಕ್‌ನ ಸ್ಮಾರ್ಟ್ ವರದಿ (ಡಿಸ್ಕ್ ತಾನೇ ಬರೆದಿಡುವ ಆರೋಗ್ಯದ ಲೆಕ್ಕ) ತೆಗೆಯಿರಿ. ಪ್ರತಿ ಸಾಲಿನ ಶುರುವಿನಲ್ಲಿ ಅದರ ಸಂಖ್ಯೆ (ID) ಇರುತ್ತದೆ; ಬಲತುದಿಯ ರಾ ವ್ಯಾಲ್ಯೂ (ನಿಜವಾದ ಎಣಿಕೆ) ನೋಡಿದರೆ ಸಾಕು. 199 ಸಂಖ್ಯೆಯ ಸಾಲು ಏರುತ್ತಿದ್ದರೆ ಡೇಟಾ ದಾರಿಯಲ್ಲಿ ಕೆಡುತ್ತಿದೆ. ಡಿಸ್ಕ್‌ಗೂ ಮದರ್‌ಬೋರ್ಡ್‌ಗೂ ನಡುವೆ ಓಡಾಡುವ ಪ್ರತಿ ತುಣುಕಿನ ಜೊತೆ ತಾಳೆ ನೋಡಲು ಒಂದು ಸಂಖ್ಯೆ ಇರುತ್ತದೆ. ಅದು ಹೊಂದದಾಗ ಈ ಎಣಿಕೆ ಹೆಚ್ಚುತ್ತದೆ. ಕೇಬಲ್ ಬದಲಿಸಿದರೂ ಹಳೆಯ ಎಣಿಕೆ ಸೊನ್ನೆಯಾಗದು, ಗಾಬರಿ ಬೇಡ. 40 ಇದ್ದದ್ದು 40ರಲ್ಲೇ ನಿಂತರೆ ರೋಗ ವಾಸಿಯಾದಂತೆ. 5 ಅಥವಾ 197 ಸಂಖ್ಯೆಯ ಸಾಲು ಏರುತ್ತಿದ್ದರೆ ಕೆಟ್ಟಿರುವುದು ಡಿಸ್ಕೇ, ಅವತ್ತೇ ಬ್ಯಾಕಪ್ ತೆಗೆಯಿರಿ.

ಈ ಯಾವ ಸಾಲೂ ಕದಲದಿದ್ದರೆ ಪವರ್ ಕಡೆ ಅನುಮಾನ. 3.5 ಇಂಚಿನ ಡಿಸ್ಕ್ ತಿರುಗಲು ಶುರುವಾಗುವಾಗ 12 ವೋಲ್ಟ್ ಲೈನಿನಿಂದ ಸುಮಾರು 2 ಆಂಪಿಯರ್ ಎಳೆಯುತ್ತದೆ. ಒಂದೇ ಅಗ್ಗದ ಸ್ಪ್ಲಿಟರ್‌ಗೆ ನಾಲ್ಕು ಡಿಸ್ಕ್ ನೇತುಹಾಕಬೇಡಿ.