ಪಕ್ಷದಿಂದ ಹುಟ್ಟಿದ ವಾರಪತ್ರಿಕೆಯನ್ನು ಮೂರು ಭಾಷೆಯಲ್ಲಿ ತರಬಹುದೇ?

ಚಿಕ್ಕಮಗಳೂರಲ್ಲಿ ಪಕ್ಷವೊಂದರ ಮುಖವಾಣಿಯಾಗಿ ಹುಟ್ಟಿ ನಿಂತುಹೋದ ಕನ್ನಡ ವಾರಪತ್ರಿಕೆಗೆ ಉರ್ದು, ತಮಿಳು ಪುಟ ಸೇರಿಸಿ ಮತ್ತೆ ತರಬಹುದೇ ಎಂದು ಕೇಳಿದ್ದೀರಿ. ತರಬಹುದು. ಪಕ್ಷದ ನಂಟು ತೊಡಕಲ್ಲ. ಶೀರ್ಷಿಕೆ ಯಾರ ಹೆಸರಲ್ಲಿದೆ ಅನ್ನುವುದೇ ತೊಡಕು. ತೀರಿಕೊಂಡ ಮುಖಂಡರ ಹೆಸರಲ್ಲಿದ್ದರೆ ವಾರಸುದಾರರನ್ನು ಒಪ್ಪಿಸಿ ಮಾಲೀಕತ್ವ ವರ್ಗಾಯಿಸಿಕೊಳ್ಳಿ. 1867ರ ಪತ್ರಿಕಾ ನೋಂದಣಿ ಕಾಯ್ದೆ ಈಗಿಲ್ಲ. 2024ರ ಮಾರ್ಚ್ 1ರಿಂದ ಹೊಸ ಕಾಯ್ದೆ, ಅರ್ಜಿಯೆಲ್ಲ ಸರ್ಕಾರದ ಪ್ರೆಸ್ ಸೇವಾ ಪೋರ್ಟಲ್ ಎಂಬ ಜಾಲತಾಣದಲ್ಲಿ. ಕನ್ನಡಕ್ಕೆಂದು ನೋಂದಾಯಿಸಿದ ಪತ್ರಿಕೆಗೆ ಸುಮ್ಮನೆ ಉರ್ದು ಪುಟ ಅಂಟಿಸಬೇಡಿ, ನೋಂದಣಿಯಲ್ಲೂ ಭಾಷೆ ತಿದ್ದಿಸಬೇಕು.

ಎಂಟು ಪುಟದ ಟ್ಯಾಬ್ಲಾಯ್ಡ್ ಸಾಕು. ಅಚ್ಚಿನ ಪ್ಲೇಟಿನಲ್ಲಿ ಪುಟಗಳು ಜೋಡಿಯಾಗಿ ಕೂರುತ್ತವೆ: 8–1, 2–7, 6–3, 4–5. ಮುಖಪುಟಕ್ಕೆ ಬಣ್ಣ ಕೊಟ್ಟರೆ 8ಕ್ಕೂ ಬಣ್ಣ ಪುಕ್ಕಟೆ. ಆ ಜೋಡಿಗೆ ನಾಲ್ಕು ಶಾಯಿಗೆ 4 ಪ್ಲೇಟು, ಕಪ್ಪು-ಬಿಳುಪಿನ ಉಳಿದ ಜೋಡಿಗಳಿಗೆ ಒಂದೊಂದು, ಒಟ್ಟು 7. ಉರ್ದುವನ್ನು 8 ಮತ್ತು 7ಕ್ಕೆ ಹಾಕಿ. ಉರ್ದು ಓದುಗರು ಪತ್ರಿಕೆ ತೆರೆಯುವುದೇ ಆ ಕಡೆಯಿಂದ, ಅವರಿಗೆ 8 ಮುಖಪುಟವಾಗುತ್ತದೆ. ಆ ಪುಟಗಳನ್ನು ಇನ್‌ಪೇಜ್ ಎಂಬ ಉರ್ದು ಪುಟವಿನ್ಯಾಸ ತಂತ್ರಾಂಶದಲ್ಲಿ ಮುಗಿಸಿ, ಫಾಂಟ್ ಸೇರಿಸಿದ ಪಿಡಿಎಫ್ ಮಾಡಿ ಹಾಗೇ ಕೂರಿಸಿ. ಬೇರೆ ತಂತ್ರಾಂಶದಲ್ಲಿ ತೆರೆದು ತಿದ್ದಲು ಹೋದರೆ ಅಕ್ಷರ ಚೆಲ್ಲಾಪಿಲ್ಲಿಯಾಗುತ್ತದೆ. ಕನ್ನಡದಲ್ಲೂ ಅಷ್ಟೇ: ಪುಟ ಕಟ್ಟುವ ಹಳೆಯ ತಂತ್ರಾಂಶ ಪೇಜ್‌ಮೇಕರ್‌ಗೆ ಫೋನಿನ ಯೂನಿಕೋಡ್ ಅಕ್ಷರ ಹಿಡಿಸದು, ವಾಟ್ಸಾಪಿನಲ್ಲಿ ಬಂದ ಸುದ್ದಿಯನ್ನು ಹಳೆಯ ನುಡಿ ಫಾಂಟಿಗೆ ಪರಿವರ್ತಿಸಿಯೇ ಹಾಕಿ, ಆಮೇಲೆ ಒತ್ತಕ್ಷರ ನೋಡಿ.

ಕಾಗದದ ಲೆಕ್ಕ: 28×40 ಸೆಂ.ಮೀ. ಪುಟ, 45 ಜಿಎಸ್‌ಎಂ (ಚದರ ಮೀಟರಿಗೆ 45 ಗ್ರಾಂ) ಕಾಗದವಾದರೆ ಪ್ರತಿಗೆ ಸುಮಾರು 20 ಗ್ರಾಂ, ಸಾವಿರಕ್ಕೆ 20 ಕೆಜಿ. ಬಣ್ಣ ಕೂರುವವರೆಗೆ ಹಾಳಾಗುವುದು ಬೇರೆ. ಪ್ರತಿ ಕಡಿಮೆಯಿದ್ದಷ್ಟೂ ಆ ಹಾಳು ಕೈಕಚ್ಚುತ್ತದೆ.

ಇಷ್ಟಾದರೂ ಪತ್ರಿಕೆ ಸೊರಗುವುದು ಮೂರನೇ ಭಾಷೆಯಲ್ಲಿ. ಗಾಂಧೀಜಿಯ 'ಇಂಡಿಯನ್ ಒಪಿನಿಯನ್' 1903ರಲ್ಲಿ ದಕ್ಷಿಣ ಆಫ್ರಿಕಾದ ನೆಟಾಲ್‌ನಲ್ಲಿ ಇಂಗ್ಲಿಷ್, ಗುಜರಾತಿ, ಹಿಂದಿ, ತಮಿಳಿನಲ್ಲಿ ಶುರುವಾಯಿತು. ತಕ್ಕ ಜನ ಸಿಗದೆ 1906ರಲ್ಲಿ ಹಿಂದಿ, ತಮಿಳು ನಿಂತವು. ಈಗ ಅಚ್ಚುಮೊಳೆ ಜೋಡಿಸುವವರು ಬೇಕಿಲ್ಲ, ಕರಡು ತಿದ್ದುವವರು ಬೇಕು. ಸಂಪಾದಕರಿಗೆ ತಮಿಳು ಬಾರದಿದ್ದರೂ ಆ ಪುಟದ ಹೊಣೆ ಅವರದೇ. ಪುಟ ಬರೆದವರಲ್ಲದ ಇನ್ನೊಬ್ಬರು ಅದನ್ನು ಸಾಲುಸಾಲಾಗಿ ಕನ್ನಡದಲ್ಲಿ ಬಾಯಿಮಾತಿನಲ್ಲಿ ಹೇಳಲಿ, ಸಂಪಾದಕರು ಕೇಳಿ ಸಹಿ ಹಾಕಲಿ. ಕನ್ನಡದ್ದನ್ನೇ ಅನುವಾದಿಸಿ ತುಂಬುವುದು ನನಗೆ ಒಪ್ಪಿಗೆಯಿಲ್ಲ: ಎಸ್ಟೇಟ್ ಲೈನ್ ಮನೆಗಳಲ್ಲಿರುವ ತಮಿಳು ಕಾರ್ಮಿಕರಿಗೆ ಕೂಲಿ, ಬೋನಸ್, ಪಿಎಫ್, ಆನೆ ಓಡಾಟ ಮೊದಲು, ಪಕ್ಷದ ಸಭೆ ಆಮೇಲೆ.

ಮತದಾನದ ದಿನ ಮತ್ತು ಅದರ ಹಿಂದಿನ ದಿನದ ಸಂಚಿಕೆಯಲ್ಲಿ ರಾಜಕೀಯ ಜಾಹೀರಾತು ಇದ್ದರೆ ಮಾಧ್ಯಮ ಪ್ರಮಾಣೀಕರಣ ಸಮಿತಿಯ ಒಪ್ಪಿಗೆ ಬೇಕು, ಪಕ್ಷ ನಿಮ್ಮದೇ ಆಗಿದ್ದರೂ. ಅಚ್ಚಿನ ದಿನವನ್ನು ಮೂಡಿಗೆರೆ, ಆಲ್ದೂರು ಕಡೆಯ ಸಂತೆ ನೋಡಿ ಗೊತ್ತುಮಾಡಿ. ಕಟ್ಟುಗಳು ಸಂತೆಯ ಬೆಳಗಿನ ಮೊದಲ ಬಸ್ಸಿಗೆ ಹತ್ತಿರಬೇಕು.