‘12.2’ ಅಚ್ಚಿನ ತಪ್ಪಲ್ಲ ಸ್ವಾಮಿ!

ಬೇಸ್‌ಬಾಲ್ ಅಂಕಿ-ಅಂಶ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: 1959ರ ಮೇ 26ರಂದು ಮಿಲ್ವಾಕಿಯಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್‌ನ ಪಿಚರ್ (ಚೆಂಡು ಎಸೆಯುವವರು) ಹಾರ್ವಿ ಹ್ಯಾಡಿಕ್ಸ್ 12 ಇನಿಂಗ್ಸ್‌ವರೆಗೆ ಒಬ್ಬನನ್ನೂ ಬೇಸ್ (ರನ್‌ಗಾಗಿ ಓಡುವವರು ಮುಟ್ಟಬೇಕಾದ ಠಾಣೆ) ಮುಟ್ಟಲು ಬಿಡಲಿಲ್ಲ. 13ನೇ ಇನಿಂಗ್ಸ್‌ನಲ್ಲಿ ಸೋತರು. ಬಾಕ್ಸ್ ಸ್ಕೋರ್‌ನಲ್ಲಿ (ಪಂದ್ಯದ ಅಂಕಿ-ಅಂಶ ಪಟ್ಟಿ) ಅವರಿಗೆ 12.2 ಇನಿಂಗ್ಸ್ ಅಂತಿದೆ. ಚೆಂಡು ಬೇಲಿ ದಾಟಿದರೂ ಸ್ಕೋರ್ 1–0. ಎರಡೂ ತಪ್ಪಲ್ವಾ? 1991ರಲ್ಲಿ ಅವರ ದಾಖಲೆ ಅಳಿಸಿದ್ದೂ ಮೋಸ ಅಲ್ವಾ?

ಉತ್ತರ: ಈ ಪ್ರಶ್ನೆ ಬರದ ತಿಂಗಳಿಲ್ಲ. ತಪ್ಪು ಹುಡುಕುವ ಮೊದಲು ಔಟ್‌ಗಳನ್ನು ಎಣಿಸಿ ನೋಡಿ ಅಂದರೆ ಯಾರೂ ಎಣಿಸುವುದಿಲ್ಲ. ಸರಿ, ನಾನೇ ಎಣಿಸುತ್ತೇನೆ.

ಕ್ರಿಕೆಟ್‌ನಲ್ಲಿ 12.2 ಓವರ್ ಅಂದರೆ 12 ಓವರ್ ಮೇಲೆ 2 ಎಸೆತ. ಇಲ್ಲೂ ಹಾಗೇ: 12 ಇನಿಂಗ್ಸ್ ಮೇಲೆ 2 ಔಟ್. ಒಂದು ಇನಿಂಗ್ಸ್‌ಗೆ 3 ಔಟ್, ಹಾಗಾಗಿ 12 ಇನಿಂಗ್ಸ್‌ಗೆ 36 ಔಟ್ ಆಯಿತು. ಉಳಿದ ಎರಡು ಎಲ್ಲಿಂದ ಬಂದವು?

13ನೇ ಇನಿಂಗ್ಸ್‌ನಲ್ಲಿ ಮಿಲ್ವಾಕಿ ಬ್ರೇವ್ಸ್‌ನ ಫೆಲಿಕ್ಸ್ ಮ್ಯಾಂಟಿಯಾ ಹೊಡೆದ ಚೆಂಡನ್ನು ಪೈರೇಟ್ಸ್‌ನ ಡಾನ್ ಹೋಕ್ ನೆಲದಿಂದ ಎತ್ತಿಕೊಂಡರು, ಆದರೆ ಎಸೆತ ಕೆಟ್ಟಿತು, ಮ್ಯಾಂಟಿಯಾ ಬೇಸ್ ಸೇರಿದರು. ಅದು ಎರರ್ (ಫೀಲ್ಡರ್ ತಪ್ಪು), ಹಿಟ್ (ಹೊಡೆತದ ಬಲದಿಂದಲೇ ಬೇಸ್ ಸೇರುವುದು) ಅಲ್ಲ. ಎಡ್ಡಿ ಮ್ಯಾಥ್ಯೂಸ್ ಬಂಟ್ (ಚೆಂಡನ್ನು ಮೆಲ್ಲಗೆ ತಟ್ಟುವುದು) ಮಾಡಿ ತಾವು ಔಟಾಗಿ ಮ್ಯಾಂಟಿಯಾರನ್ನು ಎರಡನೇ ಬೇಸ್‌ಗೆ ಕಳಿಸಿದರು. ಇದು 37ನೇ ಔಟ್. ಹ್ಯಾಂಕ್ ಆರನ್‌ಗೆ ಬೇಕೆಂದೇ ವಾಕ್ (ಹೊಡೆಯದೆಯೇ ಮೊದಲ ಬೇಸ್) ಕೊಟ್ಟರು. ಆಮೇಲೆ ಜೋ ಆಡ್‌ಕಾಕ್ ಚೆಂಡನ್ನು ಬೇಲಿಯಾಚೆ ಹೊಡೆದರು.

ಎಡವಟ್ಟು ಆಗಿದ್ದು ಇಲ್ಲಿ. ಚೆಂಡು ಬೇಲಿ ದಾಟಿದ್ದು ಆರನ್‌ಗೆ ಗೊತ್ತಾಗಲಿಲ್ಲ. ಮ್ಯಾಂಟಿಯಾ ಓಡಿ ರನ್ ತಂದರೆ ಪಂದ್ಯ ಮುಗೀತು ಅಂದುಕೊಂಡು ಎರಡನೇ ಬೇಸ್ ಆದಮೇಲೆ ಓಟ ಬಿಟ್ಟು ಡಗ್‌ಔಟ್ ಕಡೆ ನಡೆದರು. ಆಡ್‌ಕಾಕ್ ತಲೆ ತಗ್ಗಿಸಿ ಓಡುತ್ತಲೇ ಇದ್ದರು, ಆರನ್‌ರನ್ನು ದಾಟಿಬಿಟ್ಟರು. ಮುಂದಿರುವ ಓಟಗಾರನನ್ನು ಹಿಂದಿನವನು ದಾಟಿದರೆ ಹಿಂದಿನವನೇ ಔಟ್. ಅದು 38ನೇ ಔಟ್. ನ್ಯಾಷನಲ್ ಲೀಗ್ ಅಧ್ಯಕ್ಷ ವಾರನ್ ಜೈಲ್ಸ್ ಹೋಮ್ ರನ್ (ಬೇಸ್‌ನಲ್ಲಿರುವವರೂ ಹೊಡೆದವನೂ ರನ್ ಗಳಿಸುವ ಹೊಡೆತ) ಬದಲು ಡಬಲ್ (ಎರಡು ಬೇಸ್‌ನ ಹಿಟ್) ಕೊಟ್ಟು, ಸ್ಕೋರ್ 1–0 ಎಂದು ತೀರ್ಮಾನಿಸಿದರು. ಈ ಗೊಂದಲವೆಲ್ಲ ಆ ‘.2’ರಲ್ಲಿ ಕೂತಿದೆ. ನನಗೆ ಬಾಕ್ಸ್ ಸ್ಕೋರ್ ಇಷ್ಟವಾಗುವುದೇ ಇದಕ್ಕೆ.

ಹ್ಯಾಡಿಕ್ಸ್ ಸಾಲು ಪೂರ್ತಿ ಓದಿ: 1 ಹಿಟ್, 1 ರನ್, ಅರ್ನ್ಡ್ ರನ್ (ಎರರ್ ಇಲ್ಲದೆ ಬಂದ, ಪಿಚರ್ ಹೊಣೆಯ ರನ್) 0, 1 ವಾಕ್, 8 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಆಗಿ ಬ್ಯಾಟರ್ ಔಟ್). ರನ್ ಹೊಡೆದವರು ಎರರ್‌ನಿಂದ ಬೇಸ್ ಸೇರಿದವರು. ಹಾಗಾಗಿ ಆ ರನ್ ಪಿಚರ್ ತಲೆಗಿಲ್ಲ, ಸೋಲು ಮಾತ್ರ ಅವರದೇ.

ಇನ್ನು 1991. ಯಾರೂ ಏನನ್ನೂ ಅಳಿಸಿಲ್ಲ. 36 ಜನ ಸಾಲಾಗಿ ಔಟಾದದ್ದು ದಾಖಲೆಯಲ್ಲಿ ಹಾಗೇ ಇದೆ. ಆ ವರ್ಷ ಬಿಗಿಯಾದದ್ದು ನೋ-ಹಿಟರ್ (ಎದುರಾಳಿಗೆ ಒಂದೂ ಹಿಟ್ ಕೊಡದ ಪಂದ್ಯ) ಪಟ್ಟಿಯ ನಿಯಮ: ಕನಿಷ್ಠ 9 ಇನಿಂಗ್ಸ್, ಪಂದ್ಯ ಮುಗಿಯುವ ತನಕ ಒಂದೂ ಹಿಟ್ ಇರಬಾರದು. ಇಲ್ಲಿ ಒಂದು ಹಿಟ್ ಇದೆ. ಹೊಟ್ಟೆ ಉರಿಯುತ್ತೆ, ನಿಜ. ಆದರೆ ಕನಿಕರಕ್ಕೆ ಅಂತ ಪಟ್ಟಿಯಲ್ಲಿ ಬೇರೆ ಕಾಲಂ ಇಲ್ಲ.

ಹಾಂ, ಎಕ್ಸೆಲ್ ವೀರರೇ: 12.2 ಅಂತ ತುಂಬಿ ಸರಾಸರಿ ತೆಗೆಯಬೇಡಿ. 38 ಔಟ್ ಅಂತ ತುಂಬಿ, 3ರಿಂದ ಭಾಗಿಸಿ. ಇಲ್ಲದಿದ್ದರೆ ಇಡೀ ಸೀಸನ್ ಲೆಕ್ಕ ಹಾಳು.

ಪ್ರಶ್ನೆ: ಎದುರಾಳಿ ಪಿಚರ್ ಲೂ ಬರ್ಡೆಟ್ 12 ಹಿಟ್ ಕೊಟ್ಟೂ ಗೆದ್ದರು. ಅಂದರೆ ಅವರೇ ಮೇಲು ಅಲ್ವಾ?

ಉತ್ತರ: 13 ಇನಿಂಗ್ಸ್‌ನಲ್ಲಿ ಒಂದೂ ರನ್ ಬಿಡದವರು ಚೆನ್ನಾಗಿಯೇ ಆಡಿದ್ದಾರೆ, ಆದರೆ ‘ಗೆಲುವು’ ಕಾಲಂ ಒಂದನ್ನೇ ನೋಡಿ ಪಿಚರ್‌ಗಳನ್ನು ಅಳೆಯುವವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ.

ಪ್ರಶ್ನೆ: ಬ್ಯಾಟಿಂಗ್ ಸರಾಸರಿ .300 ಅಷ್ಟು ಕಡಿಮೆ ಯಾಕೆ?

ಉತ್ತರ: ಕಡಿಮೆ ಅಲ್ಲ, ತುಂಬಾ ಒಳ್ಳೆಯದು, .300 ಅಂದರೆ 10 ಪ್ರಯತ್ನಕ್ಕೆ 3 ಹಿಟ್, ಇದನ್ನು ಕ್ರಿಕೆಟ್ ಸರಾಸರಿ ಜೊತೆ ಹೋಲಿಸುವುದೇ ತಪ್ಪು.

ಪ್ರಶ್ನೆ: ಹಳೇ ಬಾಕ್ಸ್ ಸ್ಕೋರ್ ನೋಡಿ ನಾಳೆ ಗೆಲ್ಲುವ ತಂಡ ಹೇಳುವ ಟೆಲಿಗ್ರಾಂ ಗುಂಪಿಗೆ ದುಡ್ಡು ಕಟ್ಟಬಹುದಾ?

ಉತ್ತರ: ಬೇಡ. ಹೋಕ್ ಚೆಂಡು ಕೆಟ್ಟದಾಗಿ ಎಸೀತಾರೆ, ಆರನ್ ಡಗ್‌ಔಟ್‌ಗೆ ನಡೀತಾರೆ ಅಂತ ಹಿಂದಿನ ದಿನವೇ ಹೇಳುವವರು ಸಿಕ್ಕರೆ ಕಟ್ಟಿ.